ಬಸ್ಸಿಳಿದು ಮಳೆಕಾಡಿಗೆ: ಕುಕ್ಕೆ, ಆಗುಂಬೆ, ಕಿಗ್ಗ, ಕೊಡಚಾದ್ರಿ, ಕುದುರೆಮುಖ, ತಡಿಯಂಡಮೋಳ್‌ಗಳಲ್ಲಿ ಯಾವುದು ನಿಮಗೆ?

ಚಾರಣದ ಪಟ್ಟಿಗಳು ಸಾಮಾನ್ಯವಾಗಿ ಶಿಖರದ ಎತ್ತರದಿಂದ ಶುರುವಾಗುತ್ತವೆ. ಸ್ವಂತ ಗಾಡಿಯಿಲ್ಲದೆ, ಬಸ್ಸು ರೈಲುಗಳನ್ನೇ ನಂಬಿಕೊಂಡು ಮಳೆಕಾಡಿನಲ್ಲಿ ನಡೆಯಬೇಕು ಎನ್ನುವವರಿಗೆ ಆ ಲೆಕ್ಕ ಎರಡು ಕಡೆ ಕೈಕೊಡುತ್ತದೆ. ಒಂದು, ನಮ್ಮ ಘಟ್ಟದಲ್ಲಿ ದಟ್ಟ ನಿತ್ಯಹರಿದ್ವರ್ಣ ಕಾಡು ಇರುವುದು ಕೆಳಗಿನ ಮತ್ತು ನಡುವಿನ ಇಳಿಜಾರುಗಳಲ್ಲಿ. ಮೇಲೇರಿದಂತೆ ಕಾಡು ಕಣಿವೆಯ ಸಂದುಗಳಿಗೆ ಸರಿದು ಶೋಲೆಯಾಗುತ್ತದೆ, ಬೆಟ್ಟದ ಮೈಯೆಲ್ಲ ಹುಲ್ಲು. ಶಿಖರದ ಫೋಟೊ ನೋಡಿ ಹೊರಟವರು ಮಳೆಕಾಡನ್ನು ಕತ್ತಲಲ್ಲಿ ಟಾರ್ಚ್ ಹಿಡಿದು ದಾಟಿ, ಬಿಸಿಲೇರಿದ ಮೇಲೆ ನೆರಳಿಲ್ಲದ ಹುಲ್ಲುಗುಡ್ಡ ಹತ್ತುತ್ತಾರೆ. ಎರಡು, ಹೋಗುವ ಬಸ್ಸು ಎಲ್ಲರಿಗೂ ಸಿಗುತ್ತದೆ. ಬರುವ ಬಸ್ಸೇ ಚಾರಣ ಎಷ್ಟು ಉದ್ದವಿರಬೇಕೆಂದು ತೀರ್ಮಾನಿಸುವುದು.

ಆದ್ದರಿಂದ ಇಲ್ಲಿ ಹೋಲಿಕೆಯ ಅಳತೆಗಳು ಬೇರೆ: ಬಸ್ಸಿಳಿದ ಜಾಗದಿಂದ ಕಾಡಿನ ಬಾಯಿ ಎಷ್ಟು ದೂರ, ನಡಿಗೆಯಲ್ಲಿ ನಿಜವಾದ ಮಳೆಕಾಡು ಎಷ್ಟು, ಅನುಮತಿ ಎಷ್ಟು ಕಷ್ಟ, ಕತ್ತಲಾಗುವ ಮೊದಲು ಪೇಟೆ ಸೇರಬಹುದೇ.

ಕೊನೆಯ ಬಸ್ಸಿನಿಂದ ಹಿಂದಕ್ಕೆ ಎಣಿಸುವುದು

ಮಲೆನಾಡಿನ ಒಳದಾರಿಗಳಲ್ಲಿ ಹೊರಗಿನವರು ಪದೇ ಪದೇ ಬೀಳುವ ಹಳ್ಳ ಒಂದಿದೆ. ಸಂಜೆ ಏಳಕ್ಕೆ ಊರಿಗೆ ಬಸ್ಸು ಬರುತ್ತದೆ ಎಂದು ಯಾರೋ ಹೇಳುತ್ತಾರೆ, ಏಳರವರೆಗೆ ಸಮಯವಿದೆ ಎಂದುಕೊಳ್ಳುತ್ತಾರೆ. ಆ ಬಸ್ಸು ಬರುವುದು ನಿಜ, ಆದರೆ ಅದು ಹಾಲ್ಟ್ ಗಾಡಿ. ರಾತ್ರಿ ಅಲ್ಲೇ ನಿಂತು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ, ಬೆಳಗ್ಗೆ ಆರಕ್ಕೋ ಆರೂವರೆಗೋ ಹೊರಡುತ್ತದೆ. ಪೇಟೆಯ ಕಡೆ ಹೋಗುವ ಕೊನೆಯ ಬಸ್ಸು ಅದಕ್ಕಿಂತ ಎರಡು ಮೂರು ಗಂಟೆ ಮೊದಲೇ ಹೋಗಿರಬಹುದು. ‘ಲಾಸ್ಟ್ ಬಸ್ ಎಷ್ಟು ಗಂಟೆಗೆ?’ ಎಂದು ಕೇಳಬೇಡಿ. ‘ಇಲ್ಲಿಂದ ತೀರ್ಥಹಳ್ಳಿಗೆ ಹೋಗೋ ಲಾಸ್ಟ್ ಗಾಡಿ ಎಷ್ಟಕ್ಕೆ, ಇವತ್ತು ಇದೆಯಾ?’ ಎಂದು ಕೇಳಿ. ಕೇಳಬೇಕಾದ್ದು ನಿಮ್ಮನ್ನು ಕರೆದುತಂದ ಬಸ್ಸಿನ ಕಂಡಕ್ಟರನ್ನು. ಬಸ್ ಸ್ಟಾಂಡಿನ ಬೋರ್ಡು ಹಳೆಯದಾಗಿರಬಹುದು.

‘ಇವತ್ತು’ ಎಂಬ ಮಾತು ಮುಖ್ಯ. ಶಾಲಾ ಮಕ್ಕಳಿಗಾಗಿ ಓಡುವ ಟ್ರಿಪ್ಪುಗಳು ಭಾನುವಾರ ಇರದಿರಬಹುದು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಭಾಗದಲ್ಲಿ ಖಾಸಗಿ ಬಸ್ಸುಗಳ ಪಾತ್ರ ದೊಡ್ಡದು. ಮದುವೆ ಹಂಗಾಮಿನಲ್ಲಿ ಅವು ದಿಬ್ಬಣಕ್ಕೆ ಹೋದರೆ ಆ ದಿನದ ಟ್ರಿಪ್ ಕಟ್. ಕೊಪ್ಪವನ್ನು ಕೇಂದ್ರ ಮಾಡಿಕೊಂಡು ಹಳ್ಳಿಹಳ್ಳಿಗೆ ಓಡುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತಿದೆ, ಹಾಗಾಗಿ ಅದಕ್ಕಿಂತ ಹಿಂದೆ ಬರೆದ ಪ್ರವಾಸ ಟಿಪ್ಪಣಿಗಳಲ್ಲಿನ ಬಸ್ ವೇಳೆಗಳನ್ನು ನೆಚ್ಚಿಕೊಳ್ಳಬೇಡಿ. ಇನ್ನೊಂದು ವಿಷಯ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ. ರಾಜಹಂಸ, ಸ್ಲೀಪರ್ ಮತ್ತು ಖಾಸಗಿ ಬಸ್ಸುಗಳಿಗೆ ಅನ್ವಯಿಸದು. ಚಿಲ್ಲರೆ ಇಟ್ಟುಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲಿ ಹಣ ಕಳಿಸಲಾಗದು.

ನಡಿಗೆಯ ಲೆಕ್ಕ ಹೀಗೆ ಹಾಕಿ. ಒದ್ದೆ ಕಾಡುದಾರಿಯಲ್ಲಿ ಗಂಟೆಗೆ 3 ಕಿ.ಮೀ. ಅದರ ಮೇಲೆ ಪ್ರತಿ 300 ಮೀಟರ್ ಏರಿಗೆ ಅರ್ಧ ಗಂಟೆ ಸೇರಿಸಿ. ಇಳಿಯುವಾಗ ಸಮಯ ಉಳಿಯುತ್ತದೆ ಎಂದು ಭಾವಿಸಬೇಡಿ. ಬೇರು, ಪಾಚಿಗಲ್ಲು, ಜೇಡಿಮಣ್ಣು ಇರುವ ಇಳಿಜಾರಿನಲ್ಲಿ ಮೊಣಕಾಲು ಸೋತ ಮೇಲೆ ವೇಗ ಇನ್ನೂ ಕಡಿಮೆಯಾಗುತ್ತದೆ. ಊಟಕ್ಕೂ ನಿಂತು ನೋಡುವುದಕ್ಕೂ ಒಂದು ಗಂಟೆ, ಬಸ್ಸಿಗೆ ಮುಂಚೆ ಒಂದು ಗಂಟೆ ಬಿಡುವು. ಮರಗಳ ಚಪ್ಪರದ ಕೆಳಗೆ ಕತ್ತಲೆ ಹೊರಗಿಗಿಂತ ಅರ್ಧ ಗಂಟೆ ಮೊದಲೇ ಇಳಿಯುತ್ತದೆ. ನವೆಂಬರ್ ಡಿಸೆಂಬರಿನಲ್ಲಿ ಐದೂವರೆಗೆ ಕಾಡಿನ ನೆಲ ಕಾಣುವುದಿಲ್ಲ.

ಕುಕ್ಕೆಯಿಂದ ಕುಮಾರ ಪರ್ವತದ ದಾರಿ

ಬಸ್ಸು ರೈಲಿನವರಿಗೆ ತಲುಪಲು ಅತಿ ಸುಲಭವಾದದ್ದು, ಪೂರ್ತಿ ನಡೆಯಲು ಅತಿ ಕಷ್ಟವಾದದ್ದು ಇದೇ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳು ಸಕಲೇಶಪುರ, ಗುಂಡ್ಯ ಮೂಲಕ ನೇರ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುತ್ತವೆ. ರಾತ್ರಿ ರೈಲಿನಲ್ಲಿ ಬಂದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ. ಅದು ಇರುವುದು ನೆಟ್ಟಣದಲ್ಲಿ, ದೇವಸ್ಥಾನದಿಂದ ಸುಮಾರು 12 ಕಿ.ಮೀ. ದೂರ. ರೈಲಿನ ವೇಳೆಗೆ ಬಸ್ಸು, ಜೀಪು ಸಿಗುತ್ತವೆ. ಮಂಗಳೂರಿನ ಕಡೆಯಿಂದ ಹಗಲಿಡೀ ಬಸ್ಸಿದೆ. ಯಾತ್ರಾಸ್ಥಳವಾದ್ದರಿಂದ ಬೆಳಗಿನ ಜಾವ ಇಳಿದರೂ ಶೌಚಾಲಯ, ಸ್ನಾನದ ವ್ಯವಸ್ಥೆ, ಕಾಫಿ ತಿಂಡಿ, ಲಗೇಜ್ ಇಡುವ ಕೊಠಡಿ ಎಲ್ಲ ಇರುತ್ತವೆ. ಪಟ್ಟಿಯಲ್ಲಿನ ಬೇರೆ ಯಾವ ಜಾಗದಲ್ಲೂ ಇಷ್ಟು ಅನುಕೂಲವಿಲ್ಲ.

ಕಾಡಿನ ದಾರಿ ದೇವಸ್ಥಾನದ ಹಿಂಬದಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಶುರು. ಅಲ್ಲಿಂದ ಗಿರಿಗದ್ದೆಯ ಭಟ್ಟರ ಮನೆಯವರೆಗೆ 5ರಿಂದ 6 ಕಿ.ಮೀ. ಅಪ್ಪಟ ಮಳೆಕಾಡು. ಮರಗಳ ಬುಡದಲ್ಲಿ ಹಲಗೆಯಂತೆ ಚಾಚಿದ ಆನಿಕೆ ಬೇರುಗಳು, ಮೇಲೆ ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು, ಕೆಳಗೆ ಬೆತ್ತದ ಪೊದೆ. ಗಿರಿಗದ್ದೆ ದಾಟಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಕಳೆದರೆ ಕಾಡು ಮುಗಿಯಿತು. ಮುಂದೆ ಕಲ್ಲು ಮಂಟಪ, ಶೇಷ ಪರ್ವತದವರೆಗೆ ಬೋಳು ಹುಲ್ಲುಗುಡ್ಡ. ಶೇಷ ಪರ್ವತ ದಾಟಿದ ಮೇಲೆ ಒಂದು ಸಣ್ಣ ಶೋಲೆ, ಆಮೇಲೆ ನೀರು ಜಿನುಗುವ ಬಂಡೆಯ ಏರು, ಕೊನೆಗೆ 1712 ಮೀಟರಿನ ಶಿಖರ.

ಇಲ್ಲಿ ಮೇಲಿನ ಲೆಕ್ಕ ಹಾಕಿ ನೋಡಿ. ಒಂದು ಕಡೆಗೆ ಸುಮಾರು 13 ಕಿ.ಮೀ., ಏರು ಹತ್ತಿರ ಹತ್ತಿರ 1600 ಮೀಟರ್. ಹತ್ತಲು ಏಳು ಗಂಟೆ, ಇಳಿಯಲು ನಾಲ್ಕೂವರೆಯಿಂದ ಐದು, ವಿಶ್ರಾಂತಿ ಸೇರಿ ಹದಿಮೂರು ಗಂಟೆ ಹತ್ತಿರ. ಬೆಳಗ್ಗೆ ಆರಕ್ಕೆ ಹೊರಟವರು ರಾತ್ರಿ ಏಳಕ್ಕೆ ಕಾಡಿನ ಕೊನೆಯ ಭಾಗದಲ್ಲಿ ತಡಕಾಡುತ್ತಿರುತ್ತಾರೆ, ಅದೂ ಆನೆ ಓಡಾಡುವ ಕಾಡಿನಲ್ಲಿ. ಒಂದೇ ದಿನದಲ್ಲಿ ಮಾಡಿ ಬಂದವರು ಬೇಕಾದಷ್ಟು ಜನರಿದ್ದಾರೆ. ಅವರು ಮೊದಲೇ ಅಭ್ಯಾಸವಿದ್ದು ವೇಗವಾಗಿ ನಡೆಯುವವರು. ಶಿಖರದಲ್ಲಿ ಟೆಂಟ್ ಹಾಕುವಂತಿಲ್ಲ. ಗಿರಿಗದ್ದೆಯಲ್ಲಿ ತಂಗಲು ಸದ್ಯ ಬಿಡುತ್ತಿದ್ದಾರೆಯೇ ಎಂದು ಬುಕಿಂಗ್ ಮಾಡುವಾಗಲೇ ಇಲಾಖೆಯಿಂದ ಖಚಿತ ಮಾಡಿಕೊಳ್ಳಬೇಕು.

ಹಾಗಾಗಿ ಮಳೆಕಾಡೇ ಗುರಿಯಾಗಿದ್ದರೆ ಗಿರಿಗದ್ದೆಗೆ ಹೋಗಿ ವಾಪಸ್ ಬನ್ನಿ. ಹತ್ತಲು ಮೂರು ಗಂಟೆ, ಇಳಿಯಲು ಎರಡೂವರೆ. ಬೆಳಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಎರಡಕ್ಕೆ ಕುಕ್ಕೆಯಲ್ಲಿ ಊಟ. ಶಿಖರ ತಪ್ಪಿತೆಂಬ ಕೊರಗು ಬೇಡ; ಈ ದಾರಿಯ ಮಳೆಕಾಡಿನ ಬಹುಪಾಲು ನಿಮ್ಮ ಕಾಲಡಿ ಬಂದಾಗಿರುತ್ತದೆ. ಅರ್ಧ ದಾರಿಗೂ ಅನುಮತಿ ಬೇಕು ಎಂಬುದನ್ನು ಮರೆಯಬೇಡಿ, ಇದು ಪುಷ್ಪಗಿರಿ ವನ್ಯಜೀವಿಧಾಮದ ಸೆರಗು.

ಸೋಮವಾರಪೇಟೆ ಕಡೆಯ ದಾರಿ ಅರ್ಧಕ್ಕರ್ಧ ಚಿಕ್ಕದು, ಒಂದು ಕಡೆಗೆ 6ರಿಂದ 7 ಕಿ.ಮೀ., ಮತ್ತು ಶಿಖರದ ಹತ್ತಿರದವರೆಗೂ ಕಾಡಿನೊಳಗೇ ಸಾಗುತ್ತದೆ. ಆದರೆ ಸೋಮವಾರಪೇಟೆಯಿಂದ ಕಾಡಿನ ಬಾಯಿಗೆ 25 ಕಿ.ಮೀ. ಆಸುಪಾಸು, ಬಸ್ಸು ಅಪರೂಪ. ಜೀಪಿನ ಖರ್ಚು ಹಂಚಿಕೊಳ್ಳಲು ನಾಲ್ಕೈದು ಜನರಿದ್ದರೆ ಮಾತ್ರ ಇದನ್ನು ಯೋಚಿಸಿ.

ಇದೇ ಭಾಗದ ಇನ್ನೊಂದು ‘ಚಾರಣ’ವನ್ನು ಪಟ್ಟಿಯಿಂದ ಹೊಡೆದುಹಾಕಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದ ರೈಲು ಹಳಿಯ ಮೇಲೆ ನಡೆಯುವುದು ಒಂದು ಕಾಲಕ್ಕೆ ಹೆಸರಾಗಿತ್ತು. ಆ ದಾರಿಯಲ್ಲಿ 57 ಸುರಂಗಗಳಿವೆ, ಸುರಂಗದಲ್ಲಿ ಸರಿದು ನಿಲ್ಲಲು ಜಾಗ ಕಡಿಮೆ, ತಿರುವುಗಳಿಂದ ರೈಲಿನ ಸದ್ದು ತಡವಾಗಿ ಕೇಳುತ್ತದೆ. ಹಳಿಯ ಮೇಲೆ ನಡೆಯುವುದು ಕಾನೂನುಬಾಹಿರ, ಹಿಡಿದರೆ ದಂಡ. ಆ ಕಣಿವೆ ನೋಡಲೇಬೇಕಿದ್ದರೆ ಹಗಲು ರೈಲು ಓಡುವ ದಿನ ನೋಡಿಕೊಂಡು ಕಿಟಕಿ ಪಕ್ಕ ಕೂರಿ.

ಆಗುಂಬೆ ಮತ್ತು ಕಿಗ್ಗ

ಎತ್ತರ ಹತ್ತುವ ಹಟವಿಲ್ಲದವರಿಗೆ, ಮಕ್ಕಳು ಹಿರಿಯರು ಜೊತೆಗಿದ್ದವರಿಗೆ, ಕಾಡನ್ನು ನಿಧಾನವಾಗಿ ನೋಡುವವರಿಗೆ ಆಗುಂಬೆಯನ್ನು ಮೊದಲು ಹೇಳಬೇಕು. ಊರು ಇರುವುದೇ ಮಳೆಕಾಡಿನ ನಡುವೆ, ಸುಮಾರು 640 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಸರಾಸರಿ 7600 ಮಿ.ಮೀ. ಮಳೆ ಬೀಳುತ್ತದೆ. ಬಸ್ಸಿಳಿದರೆ ಕಾಡು ಎದುರಿಗೇ. 2005ರಲ್ಲಿ ರೊಮುಲಸ್ ವಿಟೇಕರ್ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುಮಾಡಿದ್ದು, ಕಾಳಿಂಗ ಸರ್ಪಗಳ ಮೈಯಲ್ಲಿ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಓಡಾಟ ಗುರುತಿಸಿದ್ದು ಈ ಕಾಡಿನ ಶ್ರೀಮಂತಿಕೆಯ ಕಾರಣಕ್ಕೇ.

ದಾರಿ ಹಿಡಿಯುವಾಗ ಒಂದು ಎಚ್ಚರ. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ, ದೊಡ್ಡ ಬಸ್ಸುಗಳಿಗೆ ಅಲ್ಲಿ ಪ್ರವೇಶವಿಲ್ಲ, ಮಿನಿ ಬಸ್ಸುಗಳು ಮಾತ್ರ ಇಳಿದು ಹತ್ತುತ್ತವೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ಮಾರ್ಗವಾಗಿ ಸುಮಾರು 55 ಕಿ.ಮೀ. ಮಿನಿ ಬಸ್ಸು ಬೇಗ ತುಂಬುವುದರಿಂದ ದೊಡ್ಡ ಬ್ಯಾಗಿದ್ದರೆ ನಿಲ್ದಾಣದಲ್ಲೇ ಹತ್ತಿ, ನಡುವೆ ಕೈತೋರಿಸಿ ಹತ್ತಲು ಹೋಗಬೇಡಿ. ಬೆಂಗಳೂರಿನವರಿಗೆ ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ತೀರ್ಥಹಳ್ಳಿ ಮೂಲಕ ಬಸ್ಸು ಅತಿ ನೆಮ್ಮದಿಯ ದಾರಿ. ಜೋರು ಮಳೆಯಲ್ಲಿ ಘಾಟಿಯಲ್ಲಿ ಗುಡ್ಡ ಜರಿದರೆ ಉಡುಪಿ ಕಡೆ ಬಂದ್, ಆಗ ತೀರ್ಥಹಳ್ಳಿ ಕಡೆಯಿಂದಲೇ ವಾಪಸ್ಸು.

ನಡಿಗೆಗಳಲ್ಲಿ ಜೋಗಿಗುಂಡಿ ಊರಿನಿಂದ ಸುಮಾರು 4 ಕಿ.ಮೀ.; ಬಹುಪಾಲು ರಸ್ತೆ, ಕೊನೆಗೆ ಸ್ವಲ್ಪ ಕಾಡುದಾರಿ. ಒನಕೆ ಅಬ್ಬಿ ಜಲಪಾತದ ಕಡೆಗೆ ಕಾಡು ದಟ್ಟ, ಅರಣ್ಯ ಇಲಾಖೆಯ ಅನುಮತಿ ಬೇಕು. ಅಬ್ಬಿಯ ನೆತ್ತಿಯ ಮೇಲೇ ದಾರಿ ಮುಗಿಯುವುದರಿಂದ ಅಂಚಿಗೆ ಹೋಗಬಾರದು. ಬಂಡೆಯ ಮೇಲಿನ ಪಾಚಿ ಒಣಗಿದಂತೆ ಕಂಡರೂ ಕಾಲಿಟ್ಟಾಗ ಜಾರುತ್ತದೆ. ಬರ್ಕಣ ಜಲಪಾತದ ಕಡೆಗೆ ಮಳೆಗಾಲದಲ್ಲಿ ಬಿಡುವುದಿಲ್ಲ. ಸೂರ್ಯಾಸ್ತ ನೋಡಲು ಜನ ನೆರೆಯುವ ಜಾಗ ಘಾಟಿಯ ರಸ್ತೆಯಲ್ಲೇ ಇದೆ. ಬಸ್ಸು ನೆಚ್ಚಿದವರು ಸೂರ್ಯಾಸ್ತ ಬೇಕೆಂದರೆ ಆ ರಾತ್ರಿ ಆಗುಂಬೆಯಲ್ಲೇ ಉಳಿಯಬೇಕು.

ಇದರ ಜೊತೆಗಾರ ಕಿಗ್ಗ. ಶೃಂಗೇರಿಯಿಂದ 10 ಕಿ.ಮೀ. ಒಳಗೆ, ಬಸ್ಸಿದೆ. ಶೃಂಗೇರಿಗೆ ಬೆಂಗಳೂರು, ಮಂಗಳೂರು, ಶಿವಮೊಗ್ಗ ಮೂರೂ ಕಡೆಯಿಂದ ನೇರ ಬಸ್ಸು. ಕಿಗ್ಗದಿಂದ 1152 ಮೀಟರಿನ ನರಸಿಂಹ ಪರ್ವತಕ್ಕೆ ಹತ್ತುವ ದಾರಿ ಕುಮಾರ ಪರ್ವತಕ್ಕಿಂತ ಎಷ್ಟೋ ಮೃದು, ಮುಕ್ಕಾಲು ಪಾಲು ನೆರಳಿನ ಕಾಡು, ಒಂದೇ ದಿನದಲ್ಲಿ ಹೋಗಿಬರಬಹುದು. ಮೊದಲ ಸಲ ಘಟ್ಟ ಹತ್ತುವವರಿಗೆ ಬೆಟ್ಟವೂ ಬೇಕು ಮಳೆಕಾಡೂ ಬೇಕು ಎಂದಾದರೆ ಇದಕ್ಕಿಂತ ಸರಿಯಾದ ಆಯ್ಕೆ ಈ ಪಟ್ಟಿಯಲ್ಲಿಲ್ಲ. ಇದರ ಹೆಸರು ದೊಡ್ಡ ಚಾರಣಗಳ ನಡುವೆ ಕೇಳಿಬರುವುದು ಕಡಿಮೆ, ಅದರಿಂದ ಜನಸಂದಣಿಯೂ ಕಡಿಮೆ. ಕಿಗ್ಗದ ಋಷ್ಯಶೃಂಗೇಶ್ವರ ಮಳೆಯ ದೇವರು. ಬರ ಬಂದಾಗ ಮಳೆ ಬರಲೆಂದು, ಅತಿಯಾದಾಗ ನಿಲ್ಲಲೆಂದು ಇಲ್ಲೇ ಹರಕೆ ಹೊರುತ್ತಾರೆ. ಕಾಡಿಗೆ ಕಾಲಿಡುವ ಮುನ್ನ ಆ ಗುಡಿಯ ಜಗುಲಿಯಲ್ಲಿ ಹತ್ತು ನಿಮಿಷ ಕೂರುವುದು ಚೆಂದ.

ಕೊಡಚಾದ್ರಿ

ಕೊಲ್ಲೂರಿಗೆ ಬೆಂಗಳೂರಿನಿಂದ ರಾತ್ರಿ ಬಸ್ಸು ಇದೆ. ಕರಾವಳಿಯವರಿಗೂ ಮುಂಬೈ ಕನ್ನಡಿಗರಿಗೂ ಕೊಂಕಣ ರೈಲಿನ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣ ಅನುಕೂಲ, ಅಲ್ಲಿಂದ ಕೊಲ್ಲೂರು ಸುಮಾರು 28 ಕಿ.ಮೀ. ಕೊಡಚಾದ್ರಿಯ ಎತ್ತರ 1343 ಮೀಟರ್. ಮೇಲೆ ಮೂಲ ಮೂಕಾಂಬಿಕೆಯ ಗುಡಿ, ಇನ್ನೂ ಮೇಲೆ ಸರ್ವಜ್ಞ ಪೀಠ.

ದಾರಿ ಮೂರು. ಕಟ್ಟಿನಹೊಳೆಯಿಂದ ಜೀಪು ಹತ್ತುವುದು ಒಂದು, ಅದು ಚಾರಣವಲ್ಲ. ಕೊಲ್ಲೂರಿನಿಂದ ನಾಗೋಡಿ, ನಗರ ಕಡೆ ಹೋಗುವ ಬಸ್ಸಿನಲ್ಲಿ ಕಾರೆಕಟ್ಟೆಯಲ್ಲಿ ಇಳಿದು ಹತ್ತುವುದು ಎರಡನೆಯದು. ಮೊದಲ ಭಾಗ ಮಟ್ಟಸವಾದ ಕಾಡುರಸ್ತೆ, ಆಮೇಲೆ ದಟ್ಟ ಮಳೆಕಾಡಿನ ಕಡಿದಾದ ಏರು, ಕೊನೆಗೆ ಜೀಪಿನ ರಸ್ತೆ ಸೇರುತ್ತದೆ. ಮಳೆಕಾಡಿಗಾಗಿ ಬರುವವರು ಆರಿಸಬೇಕಾದ್ದು ಇದನ್ನೇ. ಮೂರನೆಯದು ಹಿಡ್ಲುಮನೆ ಜಲಪಾತದ ಮಗ್ಗುಲಿನಿಂದ. ಫೋಟೊಗಳಲ್ಲಿ ಇದೇ ಮಿಂಚುತ್ತದೆ, ಆದರೆ ಅಬ್ಬಿಯ ಪಕ್ಕದ ಬಂಡೆಗಳನ್ನು ಕೈಕಾಲೂರಿ ಹತ್ತಬೇಕು. ಮಳೆಗಾಲದಲ್ಲಿ ನೀರು ಏಕಾಏಕಿ ಏರುತ್ತದೆ, ಇಲಾಖೆ ದಾರಿ ಮುಚ್ಚುವುದೂ ಆಗಲೇ. ಹಿಡ್ಲುಮನೆಯನ್ನು ಹತ್ತಲು ಬಳಸಿ, ಇಳಿಯಲು ಎಂದೂ ಬೇಡ. ಅಲ್ಲಿ ಕಾಲು ಜಾರುವುದು ಇಳಿಯುವಾಗ.

ಬಸ್ಸಿನವರಿಗೆ ಕೊಡಚಾದ್ರಿಯ ದೊಡ್ಡ ಅನುಕೂಲ ಒಂದಿದೆ: ಹೊತ್ತು ಮೀರಿದರೆ ಮೇಲಿನಿಂದ ಜೀಪಿನಲ್ಲಿ ಕೆಳಗಿಳಿಯಬಹುದು. ಸೀಟು ಖಾಲಿ ಇರುವ ಜೀಪು ಸಿಗಬೇಕಾದರೆ ಮಧ್ಯಾಹ್ನ ಮೂರರೊಳಗೇ ಗುಡಿಯ ಹತ್ತಿರ ವಿಚಾರಿಸಿ, ಸೂರ್ಯಾಸ್ತದ ಗುಂಪು ಇಳಿಯುವಾಗ ಎಲ್ಲ ಭರ್ತಿ. ತೊಂದರೆಯೂ ಇದರಲ್ಲೇ ಇದೆ. ಶನಿವಾರ ಭಾನುವಾರ ಜೀಪಿನ ಸದ್ದು, ಧೂಳು ಮೇಲ್ಭಾಗದಲ್ಲಿ ಕಾಡಿನ ಮೌನ ಕೆಡಿಸುತ್ತವೆ. ವಾರದ ನಡುವೆ ಬಂದರೆ ಬೇರೆಯೇ ಬೆಟ್ಟ.

ಕುದುರೆಮುಖ, ತಡಿಯಂಡಮೋಳ್

ಇವೆರಡನ್ನೂ ಹೆಚ್ಚು ವಿವರಿಸಬೇಕಿಲ್ಲ, ಏಕೆಂದರೆ ಎರಡೂ ಮುಖ್ಯವಾಗಿ ಹುಲ್ಲುಗಾವಲು ಮತ್ತು ಶೋಲೆಯ ಚಾರಣಗಳು. ಕುದುರೆಮುಖ ಶಿಖರ 1894 ಮೀಟರ್. ಹೋಗಿಬರಲು 18ರಿಂದ 20 ಕಿ.ಮೀ. ಕಳಸದವರೆಗೆ ರಾತ್ರಿ ಬಸ್ಸು, ಅಲ್ಲಿಂದ ಕುದುರೆಮುಖದ ಕಡೆ ಬಸ್ಸಿನಲ್ಲಿ ಬಾಳೆಗಲ್, ಮತ್ತೆ ಮುಳ್ಳೋಡಿಗೆ ಜೀಪು ಅಥವಾ ಸುಮಾರು 6 ಕಿ.ಮೀ. ಕಲ್ಲುದಾರಿಯ ನಡಿಗೆ. ಬೆಳಗ್ಗೆ ಬೇಗ ಒಳಹೋಗಬೇಕು, ಸಂಜೆಯೊಳಗೆ ಹೊರಬರಬೇಕು, ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಉಳಿಯುವಂತಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದು ನೇರ ಹತ್ತುವ ಲೆಕ್ಕ ಹೊಂದುವುದು ಕಷ್ಟ, ಹಿಂದಿನ ದಿನವೇ ಬಂದು ಹೋಂಸ್ಟೇಯಲ್ಲಿ ಮಲಗಬೇಕು. ಹೋಂಸ್ಟೇ, ಜೀಪು ಸೇರಿದರೆ ಬಸ್ಸಿನಲ್ಲಿ ಉಳಿಸಿದ ಹಣವೆಲ್ಲ ಅಲ್ಲಿ ಹೋಯಿತು. ತೊರೆ ದಾಟುವಲ್ಲಿ ಸಿಗುವ ಶೋಲೆಗಳು ತಂಪಾಗಿವೆ, ಚೆಲುವಾಗಿವೆ. ಆದರೆ ಮಳೆಕಾಡಿನಲ್ಲಿ ಗಂಟೆಗಟ್ಟಲೆ ನಡೆಯುವ ಅನುಭವ ಇಲ್ಲಿಲ್ಲ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ವಿರಾಜಪೇಟೆಯಿಂದಲೂ, ಮಡಿಕೇರಿಯಿಂದ ನಾಪೋಕ್ಲು ಮೂಲಕವೂ ಕಕ್ಕಬ್ಬೆಗೆ ಬಸ್ಸಿದೆ. ಅರಮನೆಗೆ ತಿರುಗುವ ಸ್ಟಾಪಿನಲ್ಲಿ ಇಳಿದು, ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯವರೆಗೆ ಟಾರು ರಸ್ತೆಯಲ್ಲಿ ನಡೆದು ಅಲ್ಲಿಂದ ಬೆಟ್ಟ. ಕೊನೆಯ ಏರಿಗೆ ಮುಂಚಿನ ಶೋಲೆ ಕಡಿದಾಗಿದೆ, ದಾರಿ ಮಾತ್ರ ಸ್ಪಷ್ಟ. ಮಧ್ಯಾಹ್ನ ಎರಡರೊಳಗೆ ಶಿಖರ ಬಿಟ್ಟರೆ ಸಂಜೆಯ ವಿರಾಜಪೇಟೆ ಬಸ್ಸಿಗೆ ಆತಂಕವಿಲ್ಲ. ಮೈಸೂರಿನವರಿಗೆ ಇದು ಹತ್ತಿರದ ಆಯ್ಕೆ.

ಅನುಮತಿ

2024ರ ಜನವರಿಯ ಕೊನೆಯ ರಜೆ ದಿನಗಳಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ಬಂದು ಸೇರಿದ ಮೇಲೆ ರಾಜ್ಯದ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಬಿಗಿಗೊಳಿಸಿತು. ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ. ಕ್ರಮ ಹೀಗಿರಲಿ: ಮೊದಲು ಅನುಮತಿ, ಆಮೇಲೆ ಬಸ್ ಟಿಕೆಟ್. ಉಲ್ಟಾ ಮಾಡಿದವರು ಚೆಕ್‌ಪೋಸ್ಟಿನಿಂದ ವಾಪಸ್ಸಾಗುತ್ತಾರೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ತನ್ನಿ. ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿ ಪ್ಲಾಸ್ಟಿಕ್ ಕವರಿನಲ್ಲಿಡಿ, ಚೆಕ್‌ಪೋಸ್ಟುಗಳಲ್ಲಿ ಸಿಗ್ನಲ್ ಇರುವುದಿಲ್ಲ. ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಪೊಟ್ಟಣ, ಮದ್ಯ ಹುಡುಕುತ್ತಾರೆ. ತಿಂಡಿಯನ್ನು ಡಬ್ಬಿಯಲ್ಲಿ ತಂದರೆ ಆ ಕಾಲು ಗಂಟೆ ಉಳಿಯಿತು. ಜೋರು ಮಳೆಯ ತಿಂಗಳುಗಳಲ್ಲಿಯೂ, ಕಾಡ್ಗಿಚ್ಚಿನ ಬೇಸಿಗೆಯಲ್ಲಿಯೂ ದಾರಿಗಳು ಮುಚ್ಚುತ್ತವೆ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಯಾವ ತಿಂಗಳು, ಯಾವ ಹುಳ

ಜೂನಿನಿಂದ ನವೆಂಬರವರೆಗೆ ಇಂಬಳ (ಕಾಡಿನ ಜಿಗಣೆ), ಡಿಸೆಂಬರಿನಿಂದ ಮೇವರೆಗೆ ಉಣುಗು (ಉಣ್ಣೆ). ಮಳೆಕಾಡಿನ ಕ್ಯಾಲೆಂಡರ್ ಸ್ಥೂಲವಾಗಿ ಇಷ್ಟೇ. ಹೊರಗಿನವರು ಇಂಬಳಕ್ಕೆ ಹೆದರುತ್ತಾರೆ, ಹೆದರಬೇಕಾದದ್ದು ಉಣುಗಿಗೆ.

ಇಂಬಳ ಕಚ್ಚಿದಾಗ ನೋವಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಬಿಡುವುದರಿಂದ, ಉದುರಿಹೋದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗುತ್ತದೆ. ಅದರಿಂದ ರೋಗವೇನೂ ಅಂಟುವುದಿಲ್ಲ, ಕೆರೆದು ಗಾಯ ಮಾಡಿಕೊಂಡರೆ ಮಾತ್ರ ಕೀವಾಗುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ ಮೊಣಕಾಲುದ್ದದ ಇಂಬಳ ಸಾಕ್ಸ್ ಹಾಕಿ ಪ್ಯಾಂಟನ್ನು ಅದರೊಳಗೆ ಸೇರಿಸಿದರೆ ಮುಕ್ಕಾಲು ಸಮಸ್ಯೆ ಮುಗಿಯಿತು. ಊರಿನವರು ಹೊಗೆಸೊಪ್ಪು, ಸುಣ್ಣವನ್ನು ಎಣ್ಣೆಯಲ್ಲಿ ಕಲಸಿ ಕಾಲಿಗೆ ಸವರುತ್ತಾರೆ. ಕೆಲಸ ಮಾಡುತ್ತದೆ, ಆದರೆ ತೊರೆ ದಾಟಿದಾಗಲೆಲ್ಲ ತೊಳೆದುಹೋಗುವುದರಿಂದ ಮತ್ತೆ ಸವರಬೇಕು. ಹತ್ತಿದ ಇಂಬಳವನ್ನು ಅದರ ಬಾಯಿ ಕಚ್ಚಿದ ಜಾಗದಲ್ಲಿ ಉಗುರಿನಿಂದ ತಳ್ಳಿ ಬಿಡಿಸಿ. ಸಾಲಿನಲ್ಲಿ ನಡೆಯುವಾಗ ಮುಂದಿನವರ ಕಾಲಿನ ಸದ್ದಿಗೆ ಎದ್ದ ಇಂಬಳ ಹಿಂದಿನವರಿಗೆ ಹತ್ತುತ್ತದೆ. ಕೂರಬೇಕೆನಿಸಿದರೆ ತರಗೆಲೆ ಬಿಟ್ಟು ಒಣ ಬಂಡೆ ಹುಡುಕಿ.

ಉಣುಗಿನ ವಿಷಯ ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಕಾಯಿಲೆಯ ಮಂಗಗಳ ರಕ್ತ ಕುಡಿದ ಉಣುಗಿನ ಮರಿಗಳು ಒಣ ತಿಂಗಳುಗಳಲ್ಲಿ ತರಗೆಲೆಯ ನಡುವೆ ಕಾದಿರುತ್ತವೆ. ಅವು ಎಳ್ಳಿಗಿಂತ ಸಣ್ಣವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪ ಭಾಗಕ್ಕೆ ಜನವರಿಯಿಂದ ಏಪ್ರಿಲ್‌ವರೆಗೆ ಹೋಗುವವರು ಪೂರ್ತಿ ತೋಳಿನ ಅಂಗಿ ಹಾಕಿ, ಕೀಟ ಓಡಿಸುವ ಎಣ್ಣೆ ಹಚ್ಚಿಕೊಳ್ಳಬೇಕು. ಅಲ್ಲಿನ ಆರೋಗ್ಯ ಇಲಾಖೆ ಊರವರಿಗೆ ಹಂಚುವುದು ಡೆಪಾ ಎಣ್ಣೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ, ಆ ದಾರಿಯಿಂದ ಹಿಂತಿರುಗಿ. ವಾಪಸ್ ಬಂದ ವಾರದೊಳಗೆ ಚಳಿ ಜ್ವರ, ತಲೆ ಸಿಡಿತ, ಸೊಂಟ ಮೈಕೈ ಅಸಾಧ್ಯ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂಬುದನ್ನು. ನಗರದ ವೈದ್ಯರಿಗೆ ಅದು ಹೊಳೆಯುವುದು ಕಷ್ಟ, ಡೆಂಗ್ಯೂ ಎಂದೇ ಮೊದಲು ಯೋಚಿಸುತ್ತಾರೆ.

ಎರಡೂ ಕಾಟ ಕಡಿಮೆ ಇರುವ ಕಿಂಡಿ ನವೆಂಬರಿನ ಮಧ್ಯದಿಂದ ಡಿಸೆಂಬರಿನ ಮಧ್ಯದವರೆಗೆ. ತೊರೆಗಳಲ್ಲಿ ನೀರಿರುತ್ತದೆ, ಬಂಡೆಗಳು ಒಣಗಿರುತ್ತವೆ, ಘಾಟಿ ರಸ್ತೆಗಳು ತೆರೆದಿರುತ್ತವೆ. ವಾರದ ನಡುವಿನ ಎರಡು ದಿನ ಸಿಕ್ಕರೆ ಆ ಒಂದು ತಿಂಗಳಿನಲ್ಲೇ ಹಿಡಿಯಿರಿ.

ಕೈ ಇಡುವ ಮುನ್ನ ಕಣ್ಣು ಇಡಿ. ಗುಳಿಮಂಡಲ ಹಾವು ಸೊಂಟದೆತ್ತರದ ಕೊಂಬೆಯ ಮೇಲೆ, ತೊರೆಯ ಪಕ್ಕದ ಕಲ್ಲಿನ ಮೇಲೆ ಅಲುಗಾಡದೆ ಕೂತಿರುತ್ತದೆ. ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಗುಳಿಮಂಡಲಕ್ಕೂ ಕಾಳಿಂಗಕ್ಕೂ ಅದು ನಾಟುವುದಿಲ್ಲ. ಮರದಿಂದ ಕಪ್ಪು ಸೊನೆ ಒಸರಿದ್ದು ಕಂಡರೆ ಮುಟ್ಟಬೇಡಿ, ಹೊಲಗೇರು ಆಗಿದ್ದರೆ ಮೈ ಬೊಬ್ಬೆ ಏಳುತ್ತದೆ.

ಬ್ಯಾಗಿನಲ್ಲಿ ಏನಿರಬೇಕು

ಬಸ್ಸಿನ ಚಾರಣಕ್ಕೆ 30 ಲೀಟರಿನ ಬ್ಯಾಗ್ ಸಾಕು, ಅದಕ್ಕಿಂತ ದೊಡ್ಡದು ಮಿನಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂರುವುದಿಲ್ಲ. ಒಬ್ಬೊಬ್ಬರಿಗೆ 3 ಲೀಟರ್ ನೀರು. ಕುಮಾರ ಪರ್ವತದ ಮೇಲ್ಭಾಗದ ಒರತೆಗಳು ಬೇಸಿಗೆಗೆ ಬತ್ತುತ್ತವೆ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದು, ಗುಂಪಿಗೊಂದಲ್ಲ. ಮೊಬೈಲಿನ ಟಾರ್ಚ್ ಲೆಕ್ಕಕ್ಕಿಲ್ಲ. ಕಾಡಿನೊಳಗೆ ಸಿಗ್ನಲ್ ಹುಡುಕಿ ಹುಡುಕಿ ಅದರ ಬ್ಯಾಟರಿ ಮಧ್ಯಾಹ್ನಕ್ಕೇ ಇಳಿದಿರುತ್ತದೆ. ಹೊರಡುವಾಗಲೇ ಏರೋಪ್ಲೇನ್ ಮೋಡಿಗೆ ಹಾಕಿ. ಅಡಿಯಲ್ಲಿ ಗಟ್ಟಿ ಉಬ್ಬುಗಳಿರುವ ಬೂಟು ಇರಲಿ. ನುಣುಪು ಅಡಿಯ ಓಟದ ಶೂ ಜೇಡಿಮಣ್ಣಿನಲ್ಲಿ ಸಾಬೂನಿನಂತೆ ಜಾರುತ್ತದೆ. ಮಳೆಗೆ ಕೊಡೆ ಬೇಡ, ಪೊದೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ಉದ್ದನೆಯ ರೇನ್‌ಕೋಟ್ ಇರಲಿ.

ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಹವಾಯಿ ಚಪ್ಪಲಿ, ಎರಡು ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನು ಕುಕ್ಕೆ, ಶೃಂಗೇರಿ, ಕೊಲ್ಲೂರಿನಂಥ ಯಾತ್ರಾಸ್ಥಳಗಳಲ್ಲಾದರೆ ಲಗೇಜ್ ಕೊಠಡಿಯಲ್ಲೇ ಬಿಟ್ಟು ಹೋಗಿ. ಆಗುಂಬೆ, ಕಕ್ಕಬ್ಬೆಯಲ್ಲಿ ಬಸ್ ಸ್ಟಾಂಡಿನ ಹತ್ತಿರದ ಹೋಟೆಲಿನವರನ್ನು ಕೇಳಿಕೊಂಡರೆ ಇಟ್ಟುಕೊಳ್ಳುತ್ತಾರೆ, ವಾಪಸ್ ಬಂದಾಗ ಅಲ್ಲೇ ಊಟ ಮಾಡಿ. ಬಸ್ಸು ಹತ್ತುವ ಮುನ್ನ ಸಾಕ್ಸ್ ಬಿಚ್ಚಿ ಬೆರಳ ಸಂದಿ, ಮೊಣಕಾಲಿನ ಹಿಂಬದಿ, ಸೊಂಟದ ಪಟ್ಟಿಯ ಕೆಳಗೆ, ಕಿವಿಯ ಹಿಂದೆ ನೋಡಿಕೊಳ್ಳಿ. ಬಿಚ್ಚಿದ ಒದ್ದೆ ಬಟ್ಟೆ, ಬೂಟನ್ನು ಒಂದು ಚೀಲಕ್ಕೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ. ಇನ್ನೊಂದನ್ನು ಸೀಟಿನ ಮೇಲೆ ಹಾಸಿ ಕೂರಿ. ಮುಂದಿನ ಸ್ಟಾಪಿನಲ್ಲಿ ಹತ್ತುವ ಶಾಲೆಯ ಮಕ್ಕಳಿಗೆ ಒಣ ಸೀಟು ಸಿಗಲಿ.